ಒಲೆಯ ಬಲಗಡೆಯ ನೆಲ

ನಾನು ಹುಟ್ಟಿ ಬೆಳೆದ ಮನೆಯನ್ನು ಸರಿಯಾಗಿ ನೋಡಿದ್ದು ಅಮೆರಿಕದ ಕಾಪೆಲ್‌ನಲ್ಲಿ, ಡೆನ್ಮಾರ್ಕ್ ದೇಶದ ಮುದುಕಿಯೊಬ್ಬಳ ಗರಾಜಿನಲ್ಲಿ ಕುಳಿತು. ಅದಕ್ಕೆ ಮುಂಚೆ ಆ ಮನೆಯಲ್ಲಿ ಉಂಡಿದ್ದೆ, ಮಲಗಿದ್ದೆ, ಏಟು ತಿಂದಿದ್ದೆ, ಮದುವೆಯಾಗಿ ಹೊರಟುಹೋಗಿದ್ದೆ. ನೋಡಿರಲಿಲ್ಲ. ಇದ್ದ ಮನೆಯನ್ನು ಯಾರು ನೋಡುತ್ತಾರೆ?

ಮಗಳು ಶಾಂತಾ ಕಾಪೆಲ್‌ನ ತನ್ನ ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ದುಡಿಯುವ ನಮ್ಮ ಕಡೆಯವರು, ತೆಲುಗಿನವರು ಬೆಳಗ್ಗೆ ಮಕ್ಕಳನ್ನು ತಂದು ಬಿಟ್ಟು, ಅವು ಅಳುವುದು ಕೇಳಿಸುವ ಮೊದಲೇ ಕಾರು ತಿರುಗಿಸಿಕೊಂಡು ಹೋಗುತ್ತಿದ್ದರು. ನನ್ನ ಯಜಮಾನರು ತೀರಿದ ಮೇಲೆ ಮಗಳು ನನ್ನನ್ನು ಕರೆಸಿಕೊಂಡದ್ದು ತಾಯಿ ಬೇಕೆಂದು ಎಷ್ಟೋ, ಆ ಮಕ್ಕಳ ಮೂಗು ಒರೆಸಲು ಒಂದು ಕೈ ಬೇಕೆಂದೂ ಅಷ್ಟೇ. ಅದರಲ್ಲಿ ತಪ್ಪೇನಿಲ್ಲ. ದುಡಿದರೆ ನನಗೆ ಊಟ ರುಚಿಸುತ್ತದೆ. ರುಚಿಸದೇ ಇದ್ದದ್ದು ಸುಮ್ಮನೆ ಕೂರುವುದು. ಮಧ್ಯಾಹ್ನ ಮಕ್ಕಳು ಮಲಗಿದ ಕೂಡಲೇ ನನ್ನ ಕಾಲು ಕಡಿಯಲು ಶುರುವಾಗುತ್ತಿತ್ತು. ಚಪ್ಪಲಿ ಮೆಟ್ಟಿ ಹೊರಬೀಳುತ್ತಿದ್ದೆ. ಒಂದೇ ಅಚ್ಚಿನಿಂದ ತೆಗೆದ ಇಟ್ಟಿಗೆಯ ಮನೆಗಳು, ಕತ್ತರಿಸಿದ ಹುಲ್ಲು, ತಲೆಯ ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನ. ರಸ್ತೆಯಲ್ಲಿ ಒಬ್ಬ ಮನುಷ್ಯನಿಲ್ಲ. ಮೈಸೂರಿನ ನನ್ನ ಅಳಿಯ ರಮೇಶನಿಗೆ ಇದು ಕಸಿವಿಸಿ.

"ಅತ್ತೆ, ಇಲ್ಲಿ ಹೀಗೆ ಬಿಸ್ಲಲ್ಲಿ ಯಾರೂ ನಡ್ಯಲ್ಲ. ಪೊಲೀಸ್ನೋರು ನಿಲ್ಸಿ ಕೇಳ್ತಾರೆ."

"ಕೇಳ್ಲಿ ಬಿಡ್ರಿ. ಮಾತಾಡಾಕ ನನಗೂ ಯಾರರ ಬೇಕಲ್ಲ."

ನಿಲ್ಲಿಸಿ ಕೇಳಿದ್ದು ಪೊಲೀಸಿನವರಲ್ಲ. ಹಿಂದಿನ ಬೀದಿಯಲ್ಲಿ ಗರಾಜಿನ ಬಾಗಿಲು ಅರ್ಧ ಎತ್ತಿಕೊಂಡು ಒಬ್ಬ ಬಿಳಿ ಮುದುಕಿ ಕುಳಿತಿರುತ್ತಿದ್ದಳು. ಮೂಳೆ, ಚರ್ಮ, ಗಂಡಸರ ಅಂಗಿ. ಒಂದು ದಿನ ನನ್ನ ಇಳಕಲ್ ಸೀರೆಯ ಸೆರಗನ್ನು ನೋಡಿ ಎದ್ದು ನಿಂತು, ದನ ಕೂಗುವ ಹಾಗೆ ಕೂಗಿದಳು.

"ಏ! ನಿಲ್ಲು! ಯಾವೂರಾಕಿ ನೀ?"

ನಾನು ನಿಂತೆ. ಕನ್ನಡವೇ. ಅದೂ ನಮ್ಮ ಹೊಳೆದಂಡೆಯ ಕನ್ನಡ. ಊರ ಹೆಸರು ಹೇಳಿದೆ. ಅವಳು ಬಾಯಿ ತೆರೆದು ನಕ್ಕಳು. ಆ ಊರಿಗೆ ಹೊಳೆಯಾಚೆ ತಾನು ಡೇರೆ ಹಾಕಿಕೊಂಡು ವರ್ಷಗಟ್ಟಲೆ ಇದ್ದೆ ಎಂದಳು. ಆಗ ನನಗೆ ಗೊತ್ತಾಯಿತು. ನನಗೆ ಮದುವೆ ಗೊತ್ತಾದ ಹೊತ್ತಿನಲ್ಲಿ ಹೊಳೆಯಾಚೆ ಒಬ್ಬ ದೊರಸಾನಿ ಬಂದು ಬೂದಿಗುಡ್ಡ ಅಗಿಸುತ್ತಿದ್ದಾಳೆ, ಬುಟ್ಟಿ ಹೊತ್ತವರಿಗೆ ಕೂಲಿ ಕೊಡುತ್ತಾಳೆ ಎಂದು ನಮ್ಮೂರಲ್ಲಿ ಮಾತಿತ್ತು. ಸಗಣಿ ದೊರಸಾನಿ ಎಂದೇ ಕರೆಯುತ್ತಿದ್ದರು. ನಾನು ಅವಳನ್ನು ನೋಡಿರಲಿಲ್ಲ. ಹೊಳೆ ದಾಟಲು ನಮಗೆ ಯಾರು ಬಿಡುತ್ತಿದ್ದರು?

ಅವಳ ಹೆಸರು ಇಂಗರ್. ನಾನು ಇಂಗರ್‌ಬಾಯಿ ಎಂದೆ. ಅವಳ ಕನ್ನಡ ಪೂರಾ ಅಗಿಯುವ ಆಳುಗಳಿಂದ ಕಲಿತದ್ದು. 'ರೀ' ಹಚ್ಚಿ ಮಾತಾಡುವುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬಾ, ಕುಂದ್ರು, ಮೆಲ್ಲಗ, ಬುಟ್ಟಿ ತಾ, ಸುಡ್ಲಿ, ಇಷ್ಟರಲ್ಲೇ ಅವಳು ಲೋಕವನ್ನೆಲ್ಲ ಸುಧಾರಿಸುತ್ತಿದ್ದಳು. ಅವಳ ದೇಶದಲ್ಲಿ ಹೆಂಗಸರಿಗೆ ಗುದ್ದಲಿ ಕೊಡುತ್ತಿರಲಿಲ್ಲವಂತೆ. ಗಂಡಸರು ಅಗಿದು ತಂದ ಮಡಕೆಯ ಚೂರು ತೊಳೆದು ನೆರಳಲ್ಲಿ ಒಣಹಾಕುವುದು ಹೆಂಗಸರ ಪಾಲು. ಇವಳು ಜಗಳ ಮಾಡಿ ಗುದ್ದಲಿ ಹಿಡಿದವಳು. ಹಡಗು ಹತ್ತಿ ನಮ್ಮ ಕಡೆ ಬಂದು, ಆ ಬೂದಿಗುಡ್ಡ ರಾಕ್ಷಸರ ಹೆಣ ಸುಟ್ಟದ್ದೂ ಅಲ್ಲ, ಬೆಂಕಿಯ ಬೆಟ್ಟವೂ ಅಲ್ಲ, ಬಹಳ ಹಿಂದಿನ ಜನ ದನದ ದೊಡ್ಡಿಯ ಸಗಣಿ ಒಟ್ಟಿ ಒಟ್ಟಿ ಸುಟ್ಟದ್ದು ಎಂದು ಹೇಳಿದವಳು. ದೊಡ್ಡ ದೊಡ್ಡ ಗಂಡಸರು ನಕ್ಕರಂತೆ. ಆಮೇಲೆ ಅವರೇ ಹೌದೆಂದರಂತೆ. ಹೌದೆನ್ನುವಾಗ ಇವಳ ಹೆಸರು ಮಾತ್ರ ಬಿಟ್ಟರು. ಅವಳ ಮಗ ನೀಲ್ಸ್ ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿ ಮಾಡುವವನು. ಗರಾಜಿನಲ್ಲಿ ಹಾದುಹೋಗುವಾಗ ತಾಯಿಗೆ ತಲೆ ಅಲ್ಲಾಡಿಸುವನು, ಮಾತಿಲ್ಲ.

"ಇವನ್ನ ನಮ್ಮವ್ವನ ಹಂತ್ಯಾಕ ಬಿಟ್ಟು ಬಂದಿದ್ದೆ. ಸಣ್ಣಾವ ಇದ್ದ. ಬೂದಿ ಅಗ್ಯಾಕ ಬಂದೆ," ಅಂದಳು ಒಂದು ದಿನ.

"ತಪ್ಪು ಮಾಡಿದಿ."

"ಹೌದು. ಮತ್ತೊಮ್ಮೆ ಹುಟ್ಟಿದ್ರೂ ಮಾಡ್ತಿದ್ದೆ."

ನನಗೆ ಅವಳು ಹಿಡಿಸಿದ್ದು ಆವತ್ತು.

ಅವಳು ಕೊನೆಯ ಪುಸ್ತಕ ಬರೆಯುತ್ತಿದ್ದಳು. ಅಗಿದ ಮನೆಗಳಲ್ಲಿ ಯಾವುದು ಅಡಿಗೆಯ ಜಾಗ, ಯಾವುದು ದನದ್ದು, ಎಲ್ಲಿ ಮಲಗುತ್ತಿದ್ದರು ಎಂಬ ಲೆಕ್ಕ ಅವಳಿಗೆ ಇನ್ನೂ ಹತ್ತಿರಲಿಲ್ಲ. ಆ ಮಣ್ಣಿನ ಮನೆಯಲ್ಲಿ ಬೆಳೆದವಳು ತಾನಾಗಿ ಬೀದಿಯಲ್ಲಿ ಬಂದಿದ್ದಾಳೆ, ಬಿಡುತ್ತಾಳೆಯೇ? ಮಡಚುವ ಕುರ್ಚಿ ಹಾಕಿದಳು, ಚೌಕಳಿ ಹಾಳೆ ಹರಡಿದಳು.

"ಹೇಳು ನಿಮ್ಮ ಮನಿ. ಬಾಗಲದಿಂದ. ಜಿಗಿಬ್ಯಾಡ. ಒಂದೊಂದ ಪದರ."

ಹೇಳಿದೆ. ಬಾಗಿಲು ದಾಟಿದರೆ ಮೊದಲು ದನ. ನಮ್ಮಲ್ಲಿ ದನಗಳಿಗೆ ಬೇರೆ ಕೊಟ್ಟಿಗೆಯಿಲ್ಲ, ಮನೆಯ ಮುಂದಿನ ಅರ್ಧ ಅವುಗಳದು, ತಗ್ಗಿನಲ್ಲಿ. ಎಡಕ್ಕೆ ಮೇವು ಹಾಕುವ ಗೋದಲಿ. ಅಲ್ಲಿಂದ ಒಂದು ಮೊಳ ಎತ್ತರದಲ್ಲಿ ಪಡಸಾಲೆ, ಅದು ನಮ್ಮದು. ಎತ್ತಿನ ಉಸಿರು ನಮ್ಮ ಹಾಸಿಗೆಗೆ ಬರುತ್ತಿತ್ತು. ನಡುವೆ ಎರಡು ಕಂಬ. ಕಂಬದಾಚೆ ಗೋಡೆ, ಗೋಡೆಯಾಚೆ ಅಡಿಗೆಮನೆ, ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಒಂದು ಬುಟ್ಟಿಯಷ್ಟು ಬಿಸಿಲು ಬೀಳುತ್ತಿತ್ತು. ಅದು ಒಲೆಯ ಮೇಲಿಂದ ಹರಿದು ಗೋಡೆ ಹತ್ತಿದರೆ ಅಪ್ಪನಿಗೆ ಬುತ್ತಿ ಒಯ್ಯುವ ಹೊತ್ತು. ಅಂಗಳದ ಕೆಳಗೆ ಜೋಳ ತುಂಬುವ ಹಗೇವು. ಇಂಗರ್‌ಬಾಯಿ ಎಲ್ಲವನ್ನೂ ಬರೆದುಕೊಳ್ಳುವಳು. ನಾನು ಬೇಸತ್ತು ದನದಿಂದ ನೇರ ಒಲೆಗೆ ಹೋದರೆ ಪೆನ್ಸಿಲಿನಿಂದ ಮೇಜು ಕುಟ್ಟುವಳು.

"ಜಿಗಿದಿ! ಹಿಂದಕ ಹೋಗು. ಕಂಬದ ಹಂತ್ಯಾಕ ಏನಿತ್ತು?"

"ನಾನಿದ್ದೆ."

"ಅಂದ್ರ?"

"ಕಟ್ಟಿ ಹಾಕಿದ್ರು."

ಅದನ್ನು ನಾನು ನನ್ನ ಮಗಳಿಗೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಆಯಿ. ಆಯಿಯದೇ ರಾಜ್ಯ. ನನಗೆ ಮುಂಚೆ ಅವ್ವನಿಗೆ ಒಂದು ಹೆಣ್ಣು ಹುಟ್ಟಿ ಆವತ್ತೇ ಹೋಗಿತ್ತಂತೆ. ಅದನ್ನು ಹೊರಗೆ ಒಯ್ಯದೆ ಅಡಿಗೆಮನೆಯ ಒಲೆಯ ಬಲಗಡೆ ಗಡಿಗೆಯಲ್ಲಿಟ್ಟು ಹೂತರಂತೆ. ಹಸುಗೂಸನ್ನು ಮನೆಯೊಳಗೆ ಹೂತರೆ ಅದೇ ಹೊಟ್ಟೆಗೆ ತಿರುಗಿ ಬರುತ್ತದೆ ಎನ್ನುವುದು ನಮ್ಮ ಮನೆತನದ ನಂಬಿಕೆ. ಆಮೇಲೆ ನಾನು ಹುಟ್ಟಿದೆ. ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿದರು. ಓಣಿಯ ಹೆಂಗಸೊಬ್ಬಳು ಮೊರದಲ್ಲಿ ಎತ್ತಿಕೊಂಡಳು. ಅವ್ವ ಅವಳಿಗೆ ಒಂದು ಸೇರು ತೌಡು ಕೊಟ್ಟು ನನ್ನನ್ನು ಕೊಂಡಳು. ತಿಪ್ಪೆಯಲ್ಲಿ ಸಿಕ್ಕಿದ್ದು, ತೌಡಿಗೆ ಬಂದದ್ದು, ಇದನ್ನು ಯಾರು ಒಯ್ಯುತ್ತಾರೆ ಎಂದು ಸಾವಿಗೆ ಮೋಸ ಮಾಡುವ ಉಪಾಯ. ಅದಕ್ಕೇ ನನ್ನ ಹೆಸರು ತಿಪ್ಪವ್ವ. ಆಯಿಗೆ ಮಾತ್ರ ಇಷ್ಟಕ್ಕೂ ಧೈರ್ಯ ಸಾಲಲಿಲ್ಲ. ನಾನು ಅಂಬೆಗಾಲಿಡಲು ಶುರು ಮಾಡಿದಾಗಿನಿಂದ, ಬುದ್ಧಿ ಬಂದು ಹೊಳೆಯಿಂದ ನೀರು ತರುವಷ್ಟು ದೊಡ್ಡವಳಾಗುವವರೆಗೆ, ಅವಳ ಕಣ್ಣು ನನ್ನ ಮೇಲಿಲ್ಲದಾಗಲೆಲ್ಲ ಕರು ಕಟ್ಟುವ ಕಣ್ಣಿಯಿಂದ ನನ್ನ ಸೊಂಟಕ್ಕೂ ಕಂಬಕ್ಕೂ ಗಂಟು ಬೀಳುತ್ತಿತ್ತು. ಓಣಿಯ ಮಕ್ಕಳು ಬಾಗಿಲಲ್ಲಿ ನಿಂತು, ಎಮ್ಮೆ ಹಾಲು ಕೊಡುತ್ತದೋ ಇಲ್ಲವೋ ಎಂದು ನನ್ನನ್ನು ಕೇಳಿ ನಗುತ್ತಿದ್ದವು. ನಾನು ಕೈಗೆ ಸಿಕ್ಕದ್ದನ್ನು ಎಸೆಯುತ್ತಿದ್ದೆ. ಗುರಿ ಚೆನ್ನಾಗಿತ್ತು.

ಆಯಿ ನನ್ನ ಜೊತೆ ಮಾತಾಡುವಾಗ ಇನ್ನೊಬ್ಬಳ ಜೊತೆ ಮಾತಾಡುವಳು.

"ಈ ಸಲ ಓಡಿ ಹೋದೀ ಅಂದ್ರ ಕಾಲು ಮುರೀತೀನಿ ನೋಡು. ಹೋದ ಸಲ ಬಿಟ್ಟು ಕೆಟ್ಟೀನಿ."

ಊಟಕ್ಕೆ ನನ್ನನ್ನು ಕೂರಿಸುತ್ತಿದ್ದದ್ದೂ ಒಲೆಯ ಬಲಗಡೆ, ಅದೇ ಜಾಗದ ಮೇಲೆ. ಕೂತಲ್ಲಿ ಬೇರು ಬಿಡಲಿ ಎಂದು. ಅವ್ವ ಅತ್ತ ನೋಡದೆ ರೊಟ್ಟಿ ಎಸೆಯುವಳು. ಶುಕ್ರವಾರ ಅಡಿಗೆಮನೆ ಸಾರಿಸುವಾಗ ಅವ್ವ ಮೂಲೆಯಿಂದ ಸಗಣಿ ಬಳಿಯುತ್ತಾ ಬಂದು, ಆ ಜಾಗಕ್ಕೆ ಬಂದ ಕೂಡಲೇ ಕೈ ಎತ್ತಿಬಿಡುವಳು. ಪತ್ರಾವಳಿಯಷ್ಟು ನೆಲ ಬಿಳುಚಿಕೊಂಡು ಉಳಿಯುವುದು. ಆಯಿ ಬಂದು ನೋಡಿ ಶುರು ಮಾಡುವಳು.

"ಇಷ್ಟಕ್ಕ ಕೈ ನೋಯ್ತಾವೇನ ನಿನ್ನವು?"

"ನೀವ ಸಾರಿಸ್ಕೊಳ್ರಿ. ನಿಮ್ಮದದು."

"ಹಡದಾಕಿ ನೀನೋ ನಾನೋ?"

"ಹೂತಾಕಿ ನೀವು."

ಒಂದು ಶುಕ್ರವಾರವೂ ಈ ಜಗಳ ತಪ್ಪಿದ್ದಿಲ್ಲ. ಆಯಿ ಗೊಣಗುತ್ತಾ ಕೂತು ತಾನೇ ಬಳಿಯುವಳು. ಅವ್ವ ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಹೊರಗೆ ಹೋಗುವಳು. ನಾನು ಹಸಿ ನೆಲ ಆರುವುದನ್ನೇ ಕಾಯುತ್ತಾ ನಿಲ್ಲುವೆ, ಯಾಕೆಂದರೆ ಆರಿದ ಮೇಲೆ ಅಲ್ಲಿ ಕೂತರೇ ನನಗೆ ಊಟ. ನನಗಾಗ ತಿಳಿದದ್ದು ಇಷ್ಟು: ಅವ್ವ ಆ ನೆಲವನ್ನು ಮುಟ್ಟುವುದಿಲ್ಲ, ಆ ನೆಲದಿಂದ ನಾನು ಎದ್ದು ಬಂದಿದ್ದೇನೆ, ಅದಕ್ಕೆ ನನ್ನನ್ನೂ ಮುಟ್ಟುವುದಿಲ್ಲ. ಹೊಡೆಯಲಿಕ್ಕೂ ಅವ್ವ ಮೈ ಮುಟ್ಟುತ್ತಿರಲಿಲ್ಲ, ಸೌದೆಯ ಚೂರಿನಿಂದ ಹೊಡೆಯುವಳು. ತಮ್ಮ ಹುಟ್ಟಿದ ಮೇಲೆ ಅವನನ್ನು ಎದೆಗೆ ಅವುಚಿಕೊಂಡು ತಿರುಗಿದಳು. ಅವನನ್ನು ಯಾರೂ ಕಟ್ಟಲಿಲ್ಲ.

ಇಂಗರ್‌ಬಾಯಿ ಪೆನ್ಸಿಲು ಕೆಳಗಿಟ್ಟಿದ್ದಳು. ತಾನು ಅಗಿದ ಮನೆಗಳ ನೆಲದಡಿಯಲ್ಲೂ ಗಡಿಗೆಗಳಲ್ಲಿ ಕೂಸುಗಳಿದ್ದವು, ಎಲ್ಲ ಹಸುಗೂಸು, ಎಂದಳು. ಅವನ್ನು ಬಲಿ ಕೊಟ್ಟದ್ದು ಎಂದು ಕೆಲವರು ಬರೆದರಂತೆ. ಅಲ್ಲ, ತಿರುಗಿ ಬರಲಿ ಎಂದು ಇಟ್ಟದ್ದು ಎಂದು ಇವಳ ವಾದ. ಸತ್ತವರನ್ನು ಕೇಳುವುದು ಹೇಗೆ? ಈಗ ತಿರುಗಿ ಬಂದವಳೇ ಎದುರಿಗೆ ಕೂತು ಅವಳ ಕಾಫಿ ಕುಡಿಯುತ್ತಿದ್ದಳು.

"ನೀನ ಸಾಕ್ಷಿ," ಅಂದಳು. ಪೆನ್ಸಿಲು ಮತ್ತೆ ಎತ್ತಿಕೊಂಡಳು.

"ನಾ ಯಾವ ಸಾಕ್ಷಿನೂ ಅಲ್ಲ. ಆಯಿ ಹೇಳಿದ್ದು ಹೇಳೀನಿ. ಅಲ್ಲಿ ಏನೈತೋ ಏನಿಲ್ಲೋ, ನೋಡಿದೋರ‍್ಯಾರು?"

ಬಾಯಿಂದ ಹಾಗೆ ಬಂದಮೇಲೆ ಅದು ನನ್ನ ತಲೆಯಲ್ಲೂ ಕೂತಿತು. ನಿಜ, ಯಾರು ನೋಡಿದ್ದರು? ಅಲ್ಲಿ ಏನೂ ಇಲ್ಲದಿದ್ದರೆ ಆಯಿ ನನ್ನನ್ನು ಕಟ್ಟಿದ್ದು ಯಾತಕ್ಕೆ, ಅವ್ವ ಮುಟ್ಟದೆ ಬಿಟ್ಟದ್ದು ಯಾತಕ್ಕೆ? ಆ ವಾರ ನಾನು ದಿನಕ್ಕೆ ಎರಡು ಹೊತ್ತು ನಡೆದೆ. ಮಕ್ಕಳಿಗೆ ಅನ್ನ ಕಲಸುತ್ತಾ ಉಪ್ಪು ಮರೆತೆ. ಶಾಂತಾ ಬೈದಳು. ಬೈಸಿಕೊಂಡೆ.

ಇದೇ ಹೊತ್ತಿಗೆ ಊರಿಂದ ತಮ್ಮನ ಮಗ ಬಸಣ್ಣನ ಫೋನು ಬಂತು. ಆ ಮನೆಯಲ್ಲಿ ಅವನೇ ಇದ್ದ. ಮಳೆಗಾಲಕ್ಕೆ ಮುಂಚೆ ಹಳೆಯ ಮನೆ ಕೆಡವಿ, ಅದೇ ಜಾಗದಲ್ಲಿ ಸಿಮೆಂಟಿನ ಮನೆ ಎತ್ತುತ್ತೇನೆ, ಅತ್ತಿ ಹೌದೆನ್ನಬೇಕು ಎಂದ. ಕೆಡವು ಎಂದೆ. ಮರುದಿನ ಇಂಗರ್‌ಬಾಯಿಗೆ ಹೇಳಿದರೆ ಅವಳು ಕುರ್ಚಿಯಿಂದ ಎದ್ದುಬಿಟ್ಟಳು. ಹೊಸಪೇಟೆಯಲ್ಲಿ ಅವಳ ಶಿಷ್ಯರೊಬ್ಬರು ಕಾಲೇಜು ಮಾಸ್ತರು. ಅವರನ್ನು ಕಳಿಸುತ್ತೇನೆ, ಸಿಮೆಂಟು ಬೀಳುವ ಮೊದಲು ಒಲೆಯ ಬಲಗಡೆ ಮಾತ್ರ ಅಗಿಯಲಿ, ನೀನು ಹೂಂ ಅನ್ನು ಎಂದಳು. ಬೇಡಿಕೊಳ್ಳುವ ಮಾತು ಅವಳ ಕನ್ನಡದಲ್ಲಿ ಇರಲಿಲ್ಲ. ಹೂಂ ಅನ್ನು, ಹೂಂ ಅನ್ನು ಎಂದು ಅದನ್ನೇ ಹೇಳಿದಳು. ನಾಳೆ ಹೇಳುತ್ತೇನೆ ಎಂದು ಬಂದೆ.

ಮನೆಯಲ್ಲಿ ಜಗಳವಾಯಿತು. ಶಾಂತಾ ಮಕ್ಕಳ ಬಟ್ಟೆ ಮಡಚುತ್ತಿದ್ದವಳು ಒಂದೊಂದನ್ನೂ ಬಡಿದು ಬಡಿದು ಇಡತೊಡಗಿದಳು.

"ಅವ್ವಾ, ನಮ್ಮ ಮನಿ ಮಾತು ಆಕಿ ಮುಂದ ಯಾಕ ಹೇಳಾಕ ಹೋದಿ? ಪುಸ್ತಕದಾಗ ಬರೀತಾಳ. ನಾಳೆ ಮಂದಿ ಏನಂತಾರ, ಇವರು ಮನ್ಯಾಗ ಹೆಣ ಇಟ್ಕೊಂಡು ಉಣ್ಣೋ ಮಂದಿ ಅಂತ."

"ಉಂಡೀವಲ್ಲ. ನಾನಂತೂ ಅದರ ಮ್ಯಾಲೇ ಕುಂತು ಉಂಡೀನಿ."

"ಅಲ್ಲೇನೂ ಸಿಗಲಿಲ್ಲ ಅಂದ್ರ?"

"ಅಂದ್ರ ನಾ ಯಾರದೂ ಬದಲಿ ಅಲ್ಲ ಅಂತಾತು."

"ಸಿಕ್ರ?"

ನಾನೂ ಒಂದು ಅಂಗಿ ಎತ್ತಿ ಮಡಚತೊಡಗಿದೆ. ರಮೇಶ ಟೀವಿಯ ಸದ್ದು ಕಡಿಮೆ ಮಾಡಿ, "ಅತ್ತೆ, ಸುಮ್ನೆ ಬಿಟ್ಬಿಡಿ. ಅರವತ್ತು ವರ್ಷದ ಮೇಲೆ ಯಾಕೆ ಅದನ್ನೆಲ್ಲ ಕೆದಕ್ತೀರಾ?" ಎಂದ. ಒಳ್ಳೆಯ ಹುಡುಗ. ಅವನು ಆ ಹೊತ್ತಿನಲ್ಲಿ ಹತ್ತಿರದ ಊರು ಮೆಕಿನ್ನಿಯಲ್ಲಿ ಕೊಳ್ಳಲು ದೊಡ್ಡ ಮನೆ ನೋಡುತ್ತಿದ್ದ. ಒಂದು ಮನೆಯಲ್ಲಿ ಕೂತು ಇನ್ನೊಂದರ ಚಿತ್ರ ನೋಡುವವರಿಗೆ ನೆಲದ ಮಾತು ಹೇಗೆ ತಿಳಿಯಬೇಕು? ಬಿಡಲು ನನಗೇನೂ ಕಷ್ಟವಿರಲಿಲ್ಲ. ಆದರೆ ಬಿಟ್ಟ ಮೇಲೆ ಸಿಮೆಂಟು ಬೀಳುತ್ತದೆ, ಆಮೇಲೆ ನಾನು ಸಾಯುವವರೆಗೂ ಆಯಿ ಹೇಳಿದ್ದೇ ಸರಿ. ಅವಳ ಮಾತು ಗಟ್ಟಿ ಮಾಡುವುದಕ್ಕೆ ನಾನು ಇಷ್ಟು ದೂರ ಬಂದದ್ದಲ್ಲ. ಬೆಳಗ್ಗೆ ಹೋಗಿ ಹೂಂ ಎಂದೆ. ಬಸಣ್ಣನಿಗೂ ಫೋನು ಮಾಡಿ ಹೇಳಿದೆ. ಅವನು ಹೆದರಿದ, ಆಮೇಲೆ ಒಪ್ಪಿದ.

ಮಾಸ್ತರು ಹೋದರು, ಅಗಿದರು. ನೆಲದ ಸಾರಣೆ ಪದರ ಪದರವಾಗಿ ಹಳೆಯ ಪುಸ್ತಕದ ಹಾಗೆ ಬಿಚ್ಚಿಕೊಂಡಿತಂತೆ. ಫೋಟೋಗಳು ನೀಲ್ಸ್‌ನ ಕಂಪ್ಯೂಟರಿಗೆ ಬಂದವು. ಅವನು ಅವನ್ನು ಕಾಗದದ ಮೇಲೆ ತೆಗೆದು ತಾಯಿಯ ಮುಂದಿಟ್ಟು, ಎಂದಿನಂತೆ ಹೋಗದೆ ಬಾಗಿಲಿಗೆ ಒರಗಿ ನಿಂತ. ನಾನು ಮೊದಲು ನೋಡಿದ್ದು ಒಲೆಯನ್ನು. ಮಾಳಿಗೆ ಕಿತ್ತಿದ್ದರಿಂದ ಅಡಿಗೆಮನೆಯಲ್ಲಿ ಬಿಸಿಲು ತುಂಬಿತ್ತು. ಅಷ್ಟು ಬೆಳಕಿನಲ್ಲಿ ಅದು ತೀರಾ ಸಣ್ಣ ಜಾಗ. ಬಲಗಡೆ ತೆಗ್ಗು. ತೆಗ್ಗಿನಲ್ಲಿ ಮಣ್ಣಿನ ಪಾತ್ರೆ, ಬಾಯಿಗೆ ಪರಿಯಾಣದ ತಟ್ಟೆ ಮುಚ್ಚಿದ್ದು.

ಇತ್ತು. ಆಯಿ ಸುಳ್ಳು ಹೇಳಿರಲಿಲ್ಲ. ಕಾಗದವನ್ನು ಹತ್ತಿರ ಎಳೆದುಕೊಂಡೆ. ಇಂಗರ್‌ಬಾಯಿ ಖುಷಿಪಡುತ್ತಾಳೆ ಎಂದುಕೊಂಡರೆ ಅವಳ ಹುಬ್ಬು ಗಂಟಿಕ್ಕಿತ್ತು.

"ಇದು ಗಡಿಗಿ ಅಲ್ಲ."

"ಅಲ್ಲ. ಹರವಿ. ನೀರು ತುಂಬೋದು."

"ದೊಡ್ಡದು. ಯಾಕ ದೊಡ್ಡದು? ಹಸುಗೂಸಿಗೆ ಯಾಕ ಇಷ್ಟು ದೊಡ್ಡದು?"

ಭೂತಗನ್ನಡಿ ತೆಗೆದುಕೊಂಡಳು. ಮುಂದಿನ ಫೋಟೋ, ಅದರ ಮುಂದಿನದು. ಬಿಳಿ ಬಟ್ಟೆಯ ಮೇಲೆ ಕಡ್ಡಿಯಂಥ ಎಲುಬುಗಳು. ಒಂದು ಫೋಟೋದ ಮೇಲೆ ಅವಳು ಎಷ್ಟು ಹೊತ್ತು ಬಗ್ಗಿದಳೆಂದರೆ ನಾನು ಅವಳಿಗೆ ಏನೋ ಆಯಿತೆಂದು ಭುಜ ಅಲ್ಲಾಡಿಸಿದೆ. ಅವಳು ಗಾಜನ್ನು ನನ್ನ ಕೈಗೆ ಕೊಟ್ಟಳು.

"ಹಲ್ಲು ನೋಡು. ಮುಂದಿನವು ಬಂದಾವು. ದವಡಿಯೊಳಗಿಂದು ಮೂಡ್ಯಾವು. ಇದು ಹುಟ್ಟಿದ ದಿನ ಸತ್ತಿಲ್ಲ. ಒಂದೂವರಿ ವರ್ಷ. ಇದು ನಡೀತಿತ್ತು."

ನಾನು ಗಾಜು ಹಿಡಿದು ನೋಡಿದೆ. ಜೋಳದ ಹಸಿ ಕಾಳಿನಂಥ ಹಲ್ಲು. ಒಂದೂವರೆ ವರ್ಷದ ಕೂಸು ಎಂದರೆ ಏನೆಂದು ನನಗೆ ಗೊತ್ತು; ಶಾಂತಾಳ ಮನೆಯಲ್ಲಿ ಅಂಥವು ದಿನವೂ ನನ್ನ ಕಾಲಿಗೆ ತೊಡರುತ್ತವೆ. ಓಡುತ್ತವೆ, ಬಿದ್ದು ಏಳುತ್ತವೆ, ಬೇಡವಾದ ತುತ್ತನ್ನು ಉಗಿಯುತ್ತವೆ, ಹೆಸರು ಕೂಗಿದರೆ ತಿರುಗುತ್ತವೆ. ಇದಕ್ಕೂ ಒಂದು ಹೆಸರಿದ್ದಿರಬೇಕು. ಆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಆಗ ಒಂದು ನೆನಪು ಬಂತು. ಹಾಲು ಹಾಕಿದ ಜೋಳದ ನುಚ್ಚನ್ನು ಆಯಿ ನನ್ನ ಬಾಯಿಗೆ ತುರುಕುವಾಗ ನಾನು ಮುಖ ತಿರುಗಿಸಿದರೆ, "ಮೊದಲು ಹಿಂಗ ಮಾಡ್ತಿದ್ದಿಲ್ಲ ನೀ, ಇದನ್ನ ಕೇಳಿ ಕೇಳಿ ತಿಂತಿದ್ದಿ," ಎನ್ನುತ್ತಿದ್ದಳು. ಹುಟ್ಟಿದ ದಿನ ಹೋದ ಕೂಸು ನುಚ್ಚು ಕೇಳುತ್ತದೆಯೇ? ಇಷ್ಟು ವರ್ಷ ಆ ಮಾತು ನನ್ನ ತಲೆಯಲ್ಲಿತ್ತು, ಒಮ್ಮೆಯೂ ಅದನ್ನು ತಿರುಗಿಸಿ ನೋಡಿರಲಿಲ್ಲ.

ಉಳಿದದ್ದನ್ನು ನಾನೇ ಇಂಗರ್‌ಬಾಯಿಗೆ ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲಿ ಹಸುಗೂಸನ್ನು ಮನೆಯಲ್ಲಿ ಹೂಳಬಹುದು. ಹಲ್ಲು ಬಂದ, ಹೆಸರಿಟ್ಟ ಕೂಸು ಸತ್ತರೆ ಊರ ಹೊರಗೆ ಒಯ್ದು ಮಣ್ಣು ಮಾಡಬೇಕು, ಅದಕ್ಕೆ ಮಾತಿಲ್ಲ. ಆಯಿ ಒಯ್ಯಗೊಡಲಿಲ್ಲ. ಓಣಿಯವರಿಗೆ ಏನು ಹೇಳಿದಳೋ, ಬೇರೆ ಊರಿನಲ್ಲಿ ಹೋಯಿತು ಎಂದಳೋ, ಅಪ್ಪನ ಕೈಯಲ್ಲಿ ಅಗಿಸಿದಳು. ಆಮೇಲೆ ಮನೆಯಲ್ಲಿ ಅದನ್ನು ಹಸುಗೂಸು ಎಂದೇ ಹೇಳುತ್ತಾ ಬಂದಳು. ಹೊರಗೆ ಕಳಿಸಿ ಅತ್ತು ಮುಗಿಸಬೇಕೆಂದಿದ್ದವಳು ಅವ್ವ. ಅವಳಿಗೆ ಅಳುವುದಕ್ಕೆ ಬಿಡದೆ, ಇದೋ ತಿರುಗಿ ಬಂದಿದೆ ಎಂದು ನನ್ನನ್ನು ತಂದು ಆ ಜಾಗದಲ್ಲಿ ಕೂರಿಸಿದರೆ ಅವಳು ನನ್ನನ್ನು ಹೇಗೆ ಮುಟ್ಟಬೇಕು? ಆಯಿಯ ಸೊಂಟದ ಮೇಲೆ ಬೆಳೆದು, ಒಂದು ದಿನ ಇಲ್ಲವಾದ ಕೂಸು ಅದು. ಅವಳು ಹೆದರಿ ನನ್ನನ್ನು ಕಟ್ಟಿದಳು. ಅದು ತಿಳಿಯಿತು. ತಿಳಿದ ಮಾತ್ರಕ್ಕೆ ಸೊಂಟಕ್ಕೆ ಹಗ್ಗ ಒತ್ತಿದ್ದು ಒತ್ತಲಿಲ್ಲ ಎಂದಾಗುವುದಿಲ್ಲ.

ಇಂಗರ್‌ಬಾಯಿ ಗೋಡೆಯ ಕಡೆ ನೋಡುತ್ತಿದ್ದಳು. ಅಲ್ಲಿ ಅವಳು ಅಗಿದ ಗಡಿಗೆಗಳ ಚಿತ್ರಗಳಿದ್ದವು.

"ದೊಡ್ಡವೂ ಸಿಕ್ಕಿದ್ವು. ಕಾಳಿನ ಹರವಿ ಅಂತ ಬರದೆ. ಒಳಗಿನ ಮಣ್ಣು ಜರಡಿ ಹಿಡಿಸಲಿಲ್ಲ. ಸುಡ್ಲಿ. ಪುಸ್ತಕ ಮತ್ತ ಬರೀಬೇಕು."

"ನಿನಗ ಅಷ್ಟು ಆಯುಷ್ಯ ಎಲ್ಲೈತಿ?"

"ಇಲ್ಲ. ಬರೀತೀನಿ. ತಿಪ್ಪವ್ವ, ಒಂದು ಹಲ್ಲು ಬೇಕು. ಮಾಸ್ತರಿಗೆ ಕೊಡ್ಸು."

"ತಗೋ. ಅದಕ್ಕ ಇನ್ನ ಏನ ಅಗಿಯೋದೈತಿ?"

ಬಾಗಿಲಲ್ಲಿ ನಿಂತಿದ್ದ ನೀಲ್ಸ್ ತನ್ನ ಭಾಷೆಯಲ್ಲಿ ತಾಯಿಯನ್ನು ಏನೋ ಕೇಳಿದ. ಅವಳು ಉದ್ದವಾಗಿ ಉತ್ತರ ಕೊಟ್ಟಳು. ನನಗೆ ಅರ್ಥವಾಗಲಿಲ್ಲ. ನಾನು ಎದ್ದು ಬಂದೆ.

ಎರಡು ದಿನ ಬಿಟ್ಟು, ಬೆಳಗ್ಗೆ ಮಕ್ಕಳು ಬರುವ ಮೊದಲು ಬಸಣ್ಣನಿಗೆ ಫೋನು ಹಚ್ಚಿದೆ. ಅಲ್ಲಿ ಸಂಜೆ. ಅವನಿಗೆ ಅದನ್ನು ಇದ್ದಲ್ಲೇ ಇಟ್ಟು ಮೇಲೆ ಸಿಮೆಂಟು ಹಾಕುವ ಆಸೆ. ಮನೆಯ ಲಕ್ಷ್ಮಿ ಹೊರಗೆ ಹೋಗಬಾರದು ಎಂದ. ಬೇಡ ಎಂದೆ. ಹೊಲಕ್ಕೆ ಒಯ್ದು ಮಣ್ಣು ಮಾಡು, ಮೇಲೆ ಕಟ್ಟೆ ಗಿಟ್ಟೆ ಏನೂ ಕಟ್ಟಬೇಡ ಎಂದೆ. ಅವನು ಆಗಲಿ ಎಂದ. ಮುಂದಿನ ಸೋಮವಾರ ಅವನೇ ಹೊಲದಿಂದ, ಯಾರದೋ ಮೊಬೈಲಿನಿಂದ ಫೋನು ಮಾಡಿದ. ಗಾಳಿಯ ಸದ್ದು ಕೇಳುತ್ತಿತ್ತು.

"ಅತ್ತಿ, ತೆಗ್ಗು ತೋಡೀವಿ. ಸ್ವಾಮ್ಯಾರು ಬಂದಾರ. ಹೆಸರು ಕೇಳಾಕತ್ಯಾರ. ಏನಂತ ಹೇಳ್ಲಿ?"

"ಹೆಸರು ಗೊತ್ತಿಲ್ಲೋ. ಗೊತ್ತಿದ್ದವರು ಎಲ್ಲಾ ಹೋಗ್ಯಾರ."

"ಮತ್ತ ನಿನ್ನ ಹೆಸರ ಹೇಳ್ಲೇನು? ಆಯಿ ನೀನ ಅದು ಅಂತಿದ್ಲಂತಲ್ಲ."

"ನನ್ನ ಹೆಸರು ಹೇಳಬ್ಯಾಡ. ನಾನಿನ್ನ ಇದೀನಿ."

"ಹಂಗಾರ ತಿಪ್ಪವ್ವನ ಅಕ್ಕ ಅನ್ಲೇನು?"

"ಅಕ್ಕನೋ ಅಣ್ಣನೋ ಯಾರಿಗೆ ಗೊತ್ತು? ಹೆಣ್ಣು ಅಂದಾಕಿ ಆಯಿ. ಅಷ್ಟು ಸಣ್ಣ ಎಲುಬು ಅದನ್ನ ಹೇಳೂದಿಲ್ಲಂತ."

"ಏನರ ಹೇಳು ಅತ್ತಿ, ಹೊತ್ತು ಮುಳುಗಾಕತ್ತೈತಿ."

"ತಿಪ್ಪವ್ವನಕಿಂತ ದೊಡ್ಡದು ಅನ್ನು. ಅಷ್ಟ ಸಾಕು."

ಅವನು ಸ್ವಾಮಿಗಳಿಗೆ ಹಾಗೇ ಹೇಳಿದ್ದು ನನಗೆ ಕೇಳಿಸಿತು. ಅವರು ಅದನ್ನೇ ಮಂತ್ರದ ನಡುವೆ ಸೇರಿಸಿ ಹೇಳಿದರು. ಫೋನು ಇಟ್ಟೆ. ಶಾಂತಾ ಹಾಲಿನ ಬಾಟಲಿ ತೊಳೆಯುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು.

"ಅಂದ್ರ ನೀ ಚೊಚ್ಚಲ ಅಲ್ಲ, ಎರಡನೇದು."

"ಹೌದು. ಎರಡನೇದು."

ಎರಡನೆಯ ಕೂಸಿನ ಮೇಲೆ ಯಾರೂ ಅಷ್ಟೊಂದು ಕಣ್ಣಿಡುವುದಿಲ್ಲ. ಶಾಂತಾಳನ್ನು ನಾನೇ ಹಾಗೆ ಬೆಳೆಸಿದ್ದೇನೆ, ಅವಳೂ ಎರಡನೆಯವಳು. ಹೊರಗೆ ಮೊದಲ ಕಾರು ಬಂದು ನಿಂತಿತು, ಒಳಗಿನ ಮಗು ಆಗಲೇ ಅಳುತ್ತಿತ್ತು. ಮಗುವನ್ನು ನೀನು ಇಳಿಸಿಕೋ ಎಂದು ಶಾಂತಾಳಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ.